ಬ್ರಹ್ಮಾವರದಲ್ಲಿ ಗೋಧಿ ಬೇಡ, ಉದ್ದು ಹಾಕಿ

ನೀವು ಕೇಳಿದ್ದು ಇಷ್ಟು: ಊರು ಧಾರವಾಡದ ಕಡೆ, ಮನೆಯಲ್ಲಿ ಹಿಂಗಾರಿ ಗೋಧಿ. ಈಗ ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ಹೆಂಡತಿ ಮನೆಯವರ ಎರಡು ಎಕರೆ ಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದಿದೆ. ಅಲ್ಲಿ ಗೋಧಿ ಆಗುತ್ತಾ? ಫೆಬ್ರವರಿ, ಮಾರ್ಚ್‌ನಲ್ಲಿ ಈ ಕಡೆಯವರು ಗದ್ದೆಯಲ್ಲಿ ಏನು ಮಾಡುತ್ತಾರೆ?

ಗೋಧಿ ಬೇಡ. ಕಾಳು ಹಾಲುಗಟ್ಟುವ ಹೊತ್ತಿಗೆ ಅದಕ್ಕೆ ಚಳಿ ಬೇಕು. ನಮ್ಮಲ್ಲಿ ಫೆಬ್ರವರಿಯ ಹಗಲು 32-33 ಡಿಗ್ರಿ. ರಾತ್ರಿ 20ಕ್ಕಿಂತ ಕೆಳಗೆ ಇಳಿಯೋದೇ ಅಪರೂಪ. ತೆನೆ ಬಂದರೂ ಕಾಳು ಸುರುಟಿಕೊಳ್ಳುತ್ತೆ.

ಆದರೆ ನಿಮಗೆ ಗೊತ್ತಿರುವ ಒಂದು ವಿದ್ಯೆ ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತೆ. ಮಳೆ ಹೋದ ಮೇಲೆ ಮಣ್ಣಲ್ಲಿ ಉಳಿದ ತೇವ, ರಾತ್ರಿಯ ಇಬ್ಬನಿ, ಇಷ್ಟರಲ್ಲೇ ಬೆಳೆ ತೆಗೆಯೋದು. ನೀವು ಗೋಧಿ ತೆಗೆಯುತ್ತೀರಿ, ನಾವು ಉದ್ದು ತೆಗೆಯುತ್ತೇವೆ.

ಮೊದಲು ನಿಮ್ಮ ಗದ್ದೆ ಯಾವ ಜಾತಿಯದು ಅಂತ ಮನೆಯ ಹಿರಿಯರನ್ನು ಕೇಳಿ. ಮೇಲಿನದು ಬೆಟ್ಟು, ಅಲ್ಲಿ ಮಳೆಗಾಲದ ಏಣೆಲು ಬೆಳೆ ಒಂದೇ. ನಡುವಿನದು ಮಜಲು, ಏಣೆಲಿನ ಮೇಲೆ ಸುಗ್ಗಿ ಅನ್ನುವ ಎರಡನೇ ಭತ್ತವೂ ಆಗುತ್ತೆ. ತಗ್ಗಿನದು ಬೈಲು. ಹಿಂದೆ ಬೈಲಿನಲ್ಲಿ ಕೊಳಕೆ ಅಂತ ಮೂರನೇ ಭತ್ತವನ್ನೂ ಬೆಳೆಯುತ್ತಿದ್ದರು. ಈಗ ಅದು ತೀರಾ ಕಡಿಮೆ. ನಮ್ಮದು ಸೀತಾ ನದಿಯ ತೆಂಕು ಬದಿಯ ಮಜಲು. ನೀರು ಸಾಲದ ಗದ್ದೆಗೆ ನಾವು ಸುಗ್ಗಿ ಭತ್ತ ಹಾಕುವುದಿಲ್ಲ, ಉದ್ದೇ ಹಾಕುತ್ತೇವೆ.

ಏಣೆಲು ಕೊಯ್ದು ಬೈಹುಲ್ಲು ಎತ್ತಿದ ಮೇಲೆ ಅಮ್ಮ ದಿನಾ ಗದ್ದೆಗೆ ಹೋಗಿ ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಂಡಿ ನೋಡುತ್ತಾರೆ. ಕೈಗೆ ಅಂಟಿದರೆ ಇನ್ನೂ ಹಸಿ, ಬೀಜ ಕೊಳೆಯುತ್ತೆ. ಉಂಡೆಯಾಗಿ ನಿಂತು, ಕೆಳಗೆ ಬಿಟ್ಟರೆ ಒಡೆಯಬೇಕು. ಅವತ್ತೇ ಉಳುಮೆ, ಮರುದಿನವೇ ಬಿತ್ತನೆ. ನಾವು ಎಕರೆಗೆ ಸುಮಾರು 10 ಕೆ.ಜಿ. ಬೀಜ ಹಾಕುತ್ತೇವೆ. ಒಂದು ವಾರ ತಡ ಮಾಡಿದರೂ ತೇವ ಕೈಬಿಡುತ್ತೆ. ಮೊಳಕೆ ಬಂದ ಮೇಲೆ ಹತ್ತು ದಿನ ನವಿಲು ಕಾಯಬೇಕು, ಅದೊಂದೇ ದೊಡ್ಡ ತಲೆನೋವು.

ಡಿಸೆಂಬರ್ ಮೊದಲ ವಾರ ಬಿತ್ತಿದ್ದು ಫೆಬ್ರವರಿ ಮೂರನೇ ವಾರದ ಹೊತ್ತಿಗೆ ಕೊಯ್ಲಿಗೆ ಬರುತ್ತೆ. ಕೋಡು ಕಪ್ಪಾಗಿ, ಮೇಲಿನ ರೋಮ ಕೈಗೆ ಚುಚ್ಚುವ ಹಾಗಿರುತ್ತೆ. ಬೆಳಕು ಹರಿಯುವ ಮೊದಲೇ ಗದ್ದೆಗೆ ಇಳಿಯುತ್ತೇವೆ. ಇಬ್ಬನಿಗೆ ಕೋಡು ಮೆತ್ತಗಿರುತ್ತೆ, ಬಾಯಿ ಬಿಡೋದಿಲ್ಲ. ಒಂದು ವರ್ಷ ಆಳು ಸಿಗದೆ ಹನ್ನೊಂದು ಗಂಟೆಗೆ ಕೈ ಹಾಕಿದೆವು. ಗಿಡ ಮುಟ್ಟಿದರೆ ಸಾಕು, ಚಟಚಟ ಸಿಡಿದು ಕಾಳೆಲ್ಲ ಬಿರುಕಿಗೆ ಹೋಯಿತು. ಅಮ್ಮ ಸಂಜೆವರೆಗೂ ಕೂತು ಆರಿಸುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಅನೇಕರು ಗಿಡವನ್ನು ಬೇರು ಸಮೇತ ಕೀಳುತ್ತಾರೆ. ನಾವು ಕತ್ತಿಯಿಂದ ಬುಡದಲ್ಲಿ ಕೊಯ್ಯುತ್ತೇವೆ, ಬೇರು ಮಣ್ಣಲ್ಲೇ ಉಳಿದರೆ ಮುಂದಿನ ಭತ್ತಕ್ಕೆ ಒಳ್ಳೆಯದು. ಆಮೇಲೆ ಸೆಗಣಿ ಸಾರಿಸಿದ ಅಂಗಳದಲ್ಲಿ ಎರಡು ಮೂರು ಬಿಸಿಲು, ಕೋಲಿನಲ್ಲಿ ಬಡಿಯೋದು, ಗೆರಸೆಯಲ್ಲಿ ಗಾಳಿಸೋದು. ಈ ಉದ್ದಿನ ದೋಸೆ ತಿಂದ ಮೇಲೆ ಅಂಗಡಿಯ ಬಿಳಿ ಉದ್ದು ಸಪ್ಪೆ ಅನ್ನಿಸುತ್ತೆ, ನಿಜವಾಗಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಫೆಬ್ರವರಿ ಎರಡನೇ ವಾರದ ಸುಮಾರಿಗೆ ಮೂರು ದಿನ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ದಿನಗಳು ಅಂತ ತುಳುನಾಡಿನ ನಂಬಿಕೆ. ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೊದಲ ವರ್ಷ ನಾನು ಅದೇ ದಿನ ಹಾರೆ ಹಿಡಿದು ಹೊರಟಿದ್ದೆ. ಅಮ್ಮ ಏನೂ ಬೈಯಲಿಲ್ಲ. ಹಾರೆ ತೆಗೆದು ಗೋಡೆಗೆ ಒರಗಿಸಿ, "ಅವಳಿಗೂ ಮೂರು ದಿನ ಬೇಕಲ್ವಾ ಮಗಾ" ಅಂದರು. ಕೆಡ್ಡಸದ ಕೊನೆಯ ದಿನ ತುಳಸಿಕಟ್ಟೆ ಹತ್ತಿರ ನೆಲಕ್ಕೆ ಎಣ್ಣೆ, ಸೀಗೆ, ಅರಸಿನ ಇಟ್ಟು ಭೂಮಿಗೆ ಸ್ನಾನ ಮಾಡಿಸುತ್ತಾರೆ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಕಲಸಿ ಹಂಚುತ್ತಾರೆ. ಆ ಮೂರು ದಿನ ನೀವು ಟ್ರ್ಯಾಕ್ಟರ್ ಇಳಿಸಿದರೆ ಅಕ್ಕಪಕ್ಕದವರ ಮನಸ್ಸಿಗೆ ನೋವಾಗುತ್ತೆ.

ನಿಮ್ಮ ಗದ್ದೆ ಹೊಳೆಯ ಹತ್ತಿರ ಇದ್ದರೆ ಹೊಳೆಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟಿಗೆ ಉಪ್ಪುನೀರು ತಡೆಯುವ ಹಲಗೆ ಹಾಕಿದ್ದಾರಾ ನೋಡಿ. ಈ ತಿಂಗಳು ಹೊಳೆಯಲ್ಲಿ ಸಿಹಿನೀರಿನ ಹರಿವು ಕಡಿಮೆ. ಭರತಕ್ಕೆ ಉಪ್ಪುನೀರು ಮೇಲಕ್ಕೆ ಏರುತ್ತೆ. ಒಂದು ವರ್ಷ ಹಲಗೆ ತಡವಾಗಿ, ನಮ್ಮ ಸೌತೆಬಳ್ಳಿಯ ಎಲೆಗಳು ಅಂಚಿನಿಂದ ಸುಟ್ಟ ಹಾಗೆ ಒಣಗಿದವು.

ಈ ವರ್ಷ ಉದ್ದಿಗೆ ಕಾಲ ಮೀರಿತು. ಬಾವಿ ಅಥವಾ ತೋಡಿನ (ಸಣ್ಣ ಹಳ್ಳದ) ನೀರಿದ್ದರೆ ಹತ್ತು ಸೆಂಟ್ಸ್‌ನಲ್ಲಿ ಸೌತೆ, ಬೆಂಡೆ, ಹರಿವೆ ಹಾಕಿ ಮಣ್ಣಿನ ಪರಿಚಯ ಮಾಡಿಕೊಳ್ಳಿ. ಉಳಿದ ಗದ್ದೆಯ ಪೊದೆ ಕಡಿಸಿ. ಗುಡ್ಡದಲ್ಲಿ ಈಗ ತರಗೆಲೆ ಉದುರಿರುತ್ತೆ, ಅದನ್ನು ಗುಡಿಸಿ ತಂದು ಮಣ್ಣಿನ ಜೊತೆ ಒಟ್ಟಿ ಸುಡುಮಣ್ಣು ಮಾಡಿಡಿ, ತರಕಾರಿ ಬುಡಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಏಣೆಲಿಗೆ ಎಂ.ಓ.4 ಅನ್ನುವ ತಳಿಯ ಭತ್ತದ ಬೀಜವನ್ನು ಮೇ ತಿಂಗಳಲ್ಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬ್ರಹ್ಮಾವರದಲ್ಲೇ ಕೃಷಿ ಸಂಶೋಧನಾ ಕೇಂದ್ರ ಇದೆ, ಮಣ್ಣು ತೋರಿಸಿ ಕೇಳಿ.

ಉದ್ದಿನ ಕೊಯ್ಲು ನೋಡಬೇಕೆಂದಿದ್ದರೆ ಈ ವಾರವೇ ಬನ್ನಿ. ಆರು ಗಂಟೆಯೊಳಗೆ ಬನ್ನಿ, ಎಂಟರ ನಂತರ ನಾವು ಕತ್ತಿ ಹಾಕುವುದಿಲ್ಲ.