ಸೋತ ರಾತ್ರಿ ತಮ್ಮನ್ನ ಹೆಂಗ ಸಂಭಾಳಿಸೂದು?

ಬೆಳಗಾವಿ ಟಿಳಕವಾಡಿಯಿಂದ ಕೇಳೀರಿ ಅಕ್ಕಾರ: ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಸೋತ್ರ ಹದಿನಾರು ವರ್ಷದ ತಮ್ಮ ಊಟ ಬಿಟ್ಟು, ನಡುರಾತ್ರಿ ತನಕ ಮೊಬೈಲ್ ಹಿಡಕೊಂಡು ಕುಂದರ್ತಾನ, ಏನ್ ಮಾಡೂದು ಅಂತ.

ಮೊದಲ, "ಬರೇ ಆಟ ಅಲ್ಲೇನೋ" ಅನ್ನಬ್ಯಾಡ್ರಿ. 1976ರಾಗ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ ಅವರ ಅಧ್ಯಯನದಾಗ ಅಮೆರಿಕದ ಕಾಲೇಜ್ ಹುಡುಗರು ತಂಡ ಗೆದ್ರ "ನಾವು ಗೆದ್ವಿ" ಅನ್ನೂದು ಹೆಚ್ಚು, ಸೋತ್ರ "ಅವರು ಸೋತ್ರು" ಅಂತ ದೂರ ಸರೀತಿದ್ರು. ನಿಮ್ಮ ತಮ್ಮ ಸೋತಾಗೂ "ನಾವು" ಅಂತಾನಂದ್ರ ಪೆಟ್ಟು ನೇರ ಅವಗ ಬಿದ್ದಿರತದ.

ನೋವು ಬೆಳೆಸೂದು ಮೊಬೈಲ್. 2025ರ ಏಪ್ರಿಲ್ 12ರ ಇಂಡಿಯನ್ ಸೂಪರ್ ಲೀಗ್ ಫೈನಲ್ ನೆನಸ್ರಿ: ಬೆಂಗಳೂರಿನವರು ಒಂದು ಗೋಲ್ ಮುಂದಿದ್ದು, ಪೆನಾಲ್ಟಿಯಿಂದ ಸಮ ಆಗಿ, ಹೆಚ್ಚುವರಿ ಸಮಯದಾಗ ಮೋಹನ್ ಬಗಾನ್‌ಗೆ 2-1ರಿಂದ ಸೋತ್ರು. ಅಂಥ ಪೆನಾಲ್ಟಿನ ಹತ್ತು ಸಲ ನೋಡಿದ್ರ ಹತ್ತು ಸಲ ಸೋತಂಗ. ಸೀಟಿ ಊದಿದ ಕೂಡ್ಲೆ ಟಿವಿ ಬಂದ್, ಗ್ರೂಪ್ ಮ್ಯೂಟ್, ಫೋನ್ ಬ್ಯಾರೆ ಖೋಲ್ಯಾಗ ಚಾರ್ಜಿಗೆ. ಆದ್ರ ಕಸಗೊಬ್ಯಾಡ್ರಿ, ಮ್ಯಾಚಿಗೆ ಮುಂಚೆನ ಮಾತಾಡಿ ಒಪ್ಪಿಸ್ರಿ, ಇಲ್ಲಂದ್ರ ಜಗಳ ಅಲ್ಲೇ ಶುರು.

ಊಟ ಮ್ಯಾಚಿಗಿಂತ ಮೊದಲ ಮುಗಸ್ರಿ. ಆಮೇಲೆ ಒಂದು ವಾಟಿ ಮಸರನ್ನ ಸಾಕು, ಚಾ ಬ್ಯಾಡ. "ಯಾಕ ಅಳ್ತಿ" ಬದಲಿ "ಯಾರನ್ನ ಮೊದಲ ಬದಲಿಸಬೇಕಿತ್ತು?" ಅಂತ ಕೇಳ್ರಿ, ಹದಿನೈದು ನಿಮಿಷ ಅವನ ಮಾತಾಡ್ಲಿ. ಮರುದಿನ ಲೇಲೆ ಮೈದಾನಕ್ಕ ಚೆಂಡು ಕೊಟ್ಟು ಕಳಸ್ರಿ.

ಎರಡು ವಾರ ಆದ್ರೂ ನಿದ್ದಿ, ಊಟ, ಸಾಲಿ ಸರಿ ಆಗದಿದ್ರ, ಇಲ್ಲಾ ಬೆಟ್ಟಿಂಗ್‌ನಾಗ ರೊಕ್ಕ ಕಳಕೊಂಡಾನ ಅನಿಸಿದ್ರ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗ ಮಾತಾಡ್ತಾರ.