ರಾತ್ರಿ ಎಲ್ಲಿ ಮಲಗುತ್ತೀರಿ? ಟೆಂಟ್ ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಟೆಂಟ್ ವಾಸ ಮತ್ತು ಸಾಹಸ ಪ್ರವಾಸಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಗಲಿಗೆ ಸಂಬಂಧಿಸಿದವು: ಯಾವ ಬೆಟ್ಟ ಹತ್ತಬೇಕು, ಯಾವ ನದಿಗೆ ಇಳಿಯಬೇಕು. ನನ್ನ ಉತ್ತರಗಳು ರಾತ್ರಿಯಿಂದ ಶುರುವಾಗುತ್ತವೆ. ಹಗಲಲ್ಲಿ ಸುಸ್ತಾದವರು ನೆರಳು ಹುಡುಕಿ ಕೂತು ಸುಧಾರಿಸಿಕೊಳ್ಳಬಹುದು. ಮಲಗುವ ಜಾಗ ಸರಿಯಿಲ್ಲವೆಂದು ಕತ್ತಲಾದ ಮೇಲೆ ಗೊತ್ತಾದರೆ ಎದ್ದು ಹೋಗುವುದಾದರೂ ಎಲ್ಲಿಗೆ? ಯಾವ ಬಗೆಯ ಪ್ರವಾಸ ನಿಮಗೆ ಹೊಂದುತ್ತದೆ ಎಂದು ತೀರ್ಮಾನಿಸುವಾಗ ಮೊದಲು ಮಲಗುವ ಜಾಗವನ್ನೂ ಅದರ ಹೊಣೆ ಹೊತ್ತವರನ್ನೂ ನೋಡಿ.

ಆರು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ, ಜೊತೆಗೆ ಅತ್ತೆಯವರೂ ಬರುತ್ತಾರೆ. ಇದೇ ಮೊದಲ ಸಲ ಟೆಂಟ್‌ನಲ್ಲಿ ಉಳಿಯುತ್ತಿದ್ದೇವೆ. ಸ್ವಂತ ಟೆಂಟ್ ಕೊಳ್ಳಬೇಕೆ? (ದಾವಣಗೆರೆ)

ಈ ಸಲ ಬೇಡ. ಜಗಲಿ ಕಟ್ಟಿ, ಅದರ ಮೇಲೆ ಗಟ್ಟಿ ಬಟ್ಟೆಯ ದೊಡ್ಡ ಟೆಂಟ್ ನಿಲ್ಲಿಸಿ, ಒಳಗೆ ಮಂಚ ಹಾಕಿ, ಹಿಂಬದಿಗೆ ಶೌಚಾಲಯ ಜೋಡಿಸಿರುವ ವಸತಿಗಳಿವೆ. ಮೊದಲ ಅನುಭವಕ್ಕೆ ಅವೇ ಸರಿ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲೂ ಕಾವೇರಿ ದಂಡೆಯ ಭೀಮೇಶ್ವರಿಯಲ್ಲೂ ಇಂಥ ವಸತಿ ನಡೆಸುತ್ತಿದೆ. ಮಕ್ಕಳಿಗೆ ಬಟ್ಟೆಯ ಗೋಡೆಯಾಚೆ ಕಾಡಿನ ಸದ್ದು ಕೇಳಿಸುತ್ತದೆ, ಅತ್ತೆಯವರು ನಡುರಾತ್ರಿ ಟಾರ್ಚ್ ಹಿಡಿದು ಶೌಚಾಲಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಭೀಮೇಶ್ವರಿಗೆ ಹೋದರೆ ಒಂದು ಮಾತು ಕಟ್ಟುನಿಟ್ಟಾಗಿ ಪಾಲಿಸಿ. ಅಲ್ಲಿ ಕಾವೇರಿ ನೋಡುವುದಕ್ಕೆ ಎಷ್ಟೇ ಶಾಂತವಾಗಿರಲಿ, ನೀರಿನಲ್ಲಿ ಸುಳಿಗಳಿವೆ, ಮೊಸಳೆಗಳಿವೆ. ಸಿಬ್ಬಂದಿ ತೋರಿಸಿದ ಜಾಗ ಬಿಟ್ಟು ಬೇರೆಲ್ಲೂ ಮಕ್ಕಳನ್ನು ನೀರಿಗೆ ಬಿಡಬೇಡಿ.

ಮಕ್ಕಳಿಗೆ ರುಚಿ ಹತ್ತಿದ ಮೇಲೆ ಟೆಂಟ್ ಕೊಳ್ಳಿ. ನಾಲ್ಕು ಜನರ ಟೆಂಟ್ ಎಂದು ಬರೆದಿದ್ದರೆ ನಾಲ್ವರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು ಎಂದು ಅರ್ಥ, ಚೀಲಗಳಿಗೆ ಅದರಲ್ಲಿ ಜಾಗವಿಲ್ಲ. ಒಳಪದರ ಮತ್ತು ಹೊರಪದರ ಬೇರೆಬೇರೆ ಇರುವ ಟೆಂಟನ್ನೇ ಆರಿಸಿ. ಒಂದೇ ಪದರದ ಟೆಂಟಿನಲ್ಲಿ ಉಸಿರಿನ ಆವಿ ಬಟ್ಟೆಗೆ ತಾಗಿ ನೀರಾಗಿ, ಬೆಳಗಿನ ಜಾವ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಮಳೆಯೇ ಬಂದಿರದಿದ್ದರೂ ಟೆಂಟ್ ಸೋರುತ್ತಿದೆ ಎಂದು ದೂರುವವರ ಕಷ್ಟ ಬಹುಪಾಲು ಇದೇ. ಮಲೆನಾಡಿನ ಮಳೆಗಾದರೆ ಹೊರಪದರದ ನೀರು ತಡೆಯುವ ಶಕ್ತಿ, ಅಂದರೆ ಬಟ್ಟೆ ಸೋರದೆ ತಡೆಯಬಲ್ಲ ನೀರಿನ ಕಂಬದ ಎತ್ತರ, 2,000ದಿಂದ 3,000 ಮಿಲಿಮೀಟರ್ ಇರಬೇಕು, ಇದನ್ನು ಟೆಂಟಿನ ಚೀಟಿಯಲ್ಲಿ ಬರೆದಿರುತ್ತಾರೆ. ತಂದ ಮೇಲೆ ಮೊದಲು ಮನೆಯ ತಾರಸಿಯಲ್ಲೇ ಕಟ್ಟಿ, ಮಕ್ಕಳೊಂದಿಗೆ ಒಂದು ರಾತ್ರಿ ಅಲ್ಲೇ ಮಲಗಿ.

ನಾವು ಎಂಟು ಜನ ಕಾಲೇಜು ಗೆಳೆಯರು. ನವೆಂಬರ್‌ನಲ್ಲಿ ಕುಮಾರಪರ್ವತ ಹತ್ತಿ ತುದಿಯಲ್ಲಿ ಟೆಂಟ್ ಹಾಕಬೇಕೆಂದಿದ್ದೇವೆ. ಏನೇನು ತಯಾರಿ ಬೇಕು? (ಹಾಸನ)

ತುದಿಯಲ್ಲಿ ಟೆಂಟ್ ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲ. ಅದು ಪುಷ್ಪಗಿರಿ ವನ್ಯಜೀವಿಧಾಮದ ಒಳಗಿರುವ ಜಾಗ. ಕಣ್ಣು ತಪ್ಪಿಸಿ ಹಾಕಬಹುದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಇಲಾಖೆ ಬಿಗಿಯಾಗಿರುವುದಕ್ಕೆ ಕಾರಣವಿದೆ: 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಮ್ಮೆಲೇ ಆ ಹಾದಿಗೆ ನುಗ್ಗಿದರು. ಆನಂತರವೇ ಆನ್‌ಲೈನ್‌ನಲ್ಲಿ ಮೊದಲೇ ಜಾಗ ಕಾಯ್ದಿರಿಸುವ ನಿಯಮವೂ ಒಂದು ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂದವು. ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನೋಡಿ. ಯಾವ ಚಾರಣದ ಹಾದಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರುವ ಹಾದಿಯ ಭಯಕ್ಕೆ ಹಲವು ಹಾದಿಗಳನ್ನು ಮುಚ್ಚುತ್ತಾರೆ.

ಬೆಟ್ಟದ ಎತ್ತರ 1,712 ಮೀಟರ್. ಕುಕ್ಕೆಯ ಕಡೆಯಿಂದ ಹೊರಟರೆ ಮೊದಲು ದಟ್ಟ ಕಾಡು, ಗಿರಿಗದ್ದೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗಾವಲು. ಅಲ್ಲಿಂದ ಕಲ್ಲುಮಂಟಪ, ಶೇಷಪರ್ವತ, ಕೊನೆಗೆ ತುದಿ. ಒಬ್ಬೊಬ್ಬರೂ ಕನಿಷ್ಠ ಮೂರು ಲೀಟರ್ ನೀರು ಹೊರಬೇಕು. ಸೋಮವಾರಪೇಟೆಯ ಕಡೆಯ ಹಾದಿ ಇದಕ್ಕಿಂತ ಗಿಡ್ಡ. ಟೆಂಟ್ ಕಟ್ಟಿಯೇ ತೀರಬೇಕು ಎಂಬ ಆಸೆಯಿದ್ದರೆ ಬೆಟ್ಟವನ್ನು ಹಗಲಲ್ಲಿ ಹತ್ತಿ ಇಳಿದು, ಅನುಮತಿ ಇರುವ ಖಾಸಗಿ ಜಾಗದಲ್ಲಿ ರಾತ್ರಿ ಕಳೆಯಿರಿ. ಬಂಡೆ ಹತ್ತುವುದನ್ನೋ ದೋಣಿ ನಡೆಸುವುದನ್ನೋ ಕ್ರಮಬದ್ಧವಾಗಿ ಕಲಿಯುವ ಮನಸ್ಸಿದ್ದರೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳಲ್ಲಿ ವಿಚಾರಿಸಿ. ನಿಮ್ಮ ವಯಸ್ಸಿಗೆ ಅದಕ್ಕಿಂತ ಒಳ್ಳೆಯ ರಜೆ ನನಗೆ ತೋಚುವುದಿಲ್ಲ.

ಮೇ ತಿಂಗಳಲ್ಲಿ ಸಕಲೇಶಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ಟೆಂಟ್ ಕಾಯ್ದಿರಿಸಿದ್ದೇವೆ. ತೋಟ ಅಂದಮೇಲೆ ಕಾಡಿನಷ್ಟು ಭಯವಿಲ್ಲ ಅಲ್ಲವೇ? (ಬೆಂಗಳೂರು)

ಈ ನಂಬಿಕೆಯೇ ನನಗೆ ಹೆಚ್ಚು ಆತಂಕ ತರುವುದು. ಆಲೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಆನೆಗಳು ಓಡಾಡುವುದಷ್ಟೇ ಅಲ್ಲ, ತಿಂಗಳುಗಟ್ಟಲೆ ತೋಟದೊಳಗೇ ಬೀಡುಬಿಟ್ಟಿರುತ್ತವೆ. ಅದಕ್ಕೆಂದೇ ಹಾಸನ, ಕೊಡಗು ಜಿಲ್ಲೆಗಳಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗಳಿವೆ, ಆನೆ ಎಲ್ಲಿದೆ ಎಂಬ ಸಂದೇಶ ಊರವರ ಮೊಬೈಲ್‌ಗೆ ಬರುತ್ತದೆ. ವಯನಾಡಿನ ಮೇಪ್ಪಾಡಿ ಬಳಿ 2021ರ ಜನವರಿಯಲ್ಲಿ ರೆಸಾರ್ಟ್ ಒಂದರ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರು ಆನೆ ದಾಳಿಗೆ ಬಲಿಯಾದರು. ಅದೂ ಕಾಡಂಚಿನ ತೋಟದ ಸೀಮೆಯೇ.

ಮೇ ತಿಂಗಳು ಹಲಸು ಹಣ್ಣಾಗುವ ಕಾಲ. ಹಣ್ಣಿನ ವಾಸನೆ ಆನೆಯನ್ನು ಬಹಳ ದೂರದಿಂದ ಎಳೆದು ತರುತ್ತದೆ. ಕೊಡಗಿನಲ್ಲಿ ಎಷ್ಟೋ ಬೆಳೆಗಾರರು ಎಳೆಯದಾಗಿರುವಾಗಲೇ ಹಲಸಿನ ಕಾಯಿಗಳನ್ನು ಕಡಿಸಿ ಉರುಳಿಸುವುದು ಇದೇ ಕಾರಣಕ್ಕೆ. ಹೋದ ಕೂಡಲೇ ಟೆಂಟಿನ ಮೇಲ್ಗಡೆ, ಸುತ್ತಮುತ್ತ ಕಣ್ಣು ಹಾಯಿಸಿ. ಹಲಸಿನ ಮರವೋ ಆನೆ ಇಷ್ಟಪಟ್ಟು ತಿನ್ನುವ ಬೈನೆ ಮರವೋ ಇದ್ದರೆ ಟೆಂಟನ್ನು ಬೇರೆ ಕಡೆ ಹಾಕಿಸಿಕೊಳ್ಳಿ. ಕೆರೆಗೆ ಇಳಿಯುವ ದಾರಿಯಲ್ಲಿ ಮುರಿದ ಬೇಲಿ, ತುಳಿದ ಕಾಫಿ ಗಿಡ, ಲದ್ದಿ ಕಂಡರೆ ಅದು ಆನೆಯ ದಾರಿ. ಲದ್ದಿಯ ಮೇಲ್ಮೈ ಇನ್ನೂ ಹಸಿಯಾಗಿ ಹೊಳೆಯುತ್ತಿದ್ದರೆ ಆನೆ ಹೋಗಿ ಹೆಚ್ಚು ಹೊತ್ತಾಗಿಲ್ಲ.

ಮುಂಗಡದ ಹಣ ಪೂರ್ತಿ ಕೊಡುವ ಮುಂಚೆ ತೋಟದವರನ್ನು ಕೇಳಬೇಕಾದದ್ದು ಇಷ್ಟು: ಕಳೆದ ವಾರ ಆನೆ ಎಲ್ಲಿತ್ತು? ರಾತ್ರಿ ಎಚ್ಚರವಾಗಿರುವ ಕಾವಲುಗಾರ ಇದ್ದಾನೆಯೇ? ಆನೆ ಬಂದರೆ ಓಡಿ ಸೇರಿಕೊಳ್ಳಲು ಗಟ್ಟಿ ಗೋಡೆಯ ಕಟ್ಟಡ ಎಷ್ಟು ಹೆಜ್ಜೆ ದೂರದಲ್ಲಿದೆ? ಹಾವಿನ ವಿಷಕ್ಕೆ ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದು? ನೇರವಾಗಿ ಉತ್ತರ ಕೊಡುವವರು ತಮ್ಮ ತೋಟ ಬಲ್ಲವರು. ಹೆದರಬೇಡಿ, ಏನೂ ಆಗುವುದಿಲ್ಲ ಎಂದಷ್ಟೇ ಹೇಳುವವರ ಹತ್ತಿರ ರಾತ್ರಿ ತಂಗಬೇಡಿ.

ಪ್ರತಿವಿಷದ ಮಾತು ಸುಮ್ಮನೆ ಎತ್ತಿದ್ದಲ್ಲ. ಕಟ್ಟುಹಾವು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬೆಳಗ್ಗೆ ಹೊಟ್ಟೆನೋವು, ಮುಚ್ಚಿಕೊಳ್ಳುವ ರೆಪ್ಪೆಗಳನ್ನು ನೋಡಿದಾಗಲೇ ಜನರಿಗೆ ಅನುಮಾನ ಬರುವುದು. ಟೆಂಟಿನ ಜಿಪ್ಪನ್ನು ಕೊನೆಯ ಹಲ್ಲಿನವರೆಗೂ ಎಳೆಯಿರಿ, ಶೂ ಒಳಗಿಡಿ, ಊಟದ ತಟ್ಟೆ ಹೊರಗೆ ಬಿಡಬೇಡಿ. ಚಳಿ ಎಂದು ಕೆಂಡದ ಬಾಣಲೆಯನ್ನು ಎಂದಿಗೂ ಒಳಗೆ ತರಬೇಡಿ. ಮುಚ್ಚಿದ ಟೆಂಟಿನಲ್ಲಿ ಇದ್ದಿಲು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರು ಏಳುವುದೇ ಇಲ್ಲ.

ಇನ್ನೊಂದು ಮಾತು ಮಲೆನಾಡಿಗೆ ಹೋಗುವವರೆಲ್ಲರಿಗೂ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಹೆಚ್ಚು. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಸ್ನಾನ ಮಾಡುವಾಗ ಮೈಯೆಲ್ಲ ನೋಡಿಕೊಳ್ಳಿ. ಊರಿಗೆ ಮರಳಿದ ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಮಳೆಗಾಲದ ಉಂಬಳ ಇದರ ಮುಂದೆ ಏನೇನೂ ಅಲ್ಲ. ಒಂದಿಷ್ಟು ಉಪ್ಪು ತಗಲಿಸಿದರೆ ಬಿಟ್ಟುಬಿಡುತ್ತದೆ, ಕಾಯಿಲೆಯನ್ನೂ ತರುವುದಿಲ್ಲ.

ನನಗೆ ಈಜು ಬರುವುದಿಲ್ಲ. ದಾಂಡೇಲಿಯಲ್ಲಿ ರ‍್ಯಾಫ್ಟಿಂಗ್ ಮಾಡಬಹುದೇ? (ಗದಗ)

ಮಾಡಬಹುದು. ರ‍್ಯಾಫ್ಟಿಂಗ್ ನಡೆಯುವುದು ಗಣೇಶಗುಡಿಯ ಬಳಿ, ಕಾಳಿ ನದಿಯಲ್ಲಿ. ಅಲ್ಲಿ ನೀರಿನ ಪ್ರಮಾಣ ಸೂಪಾ ಅಣೆಕಟ್ಟೆಯಿಂದ ಎಷ್ಟು ಬಿಡುತ್ತಾರೆ ಎಂಬುದನ್ನು ಅವಲಂಬಿಸಿರುತ್ತದೆ, ಹಾಗಾಗಿ ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಸಣ್ಣ ಸವಾರಿ, ಉದ್ದದ ಸವಾರಿ ಎಂದು ಎರಡು ಬಗೆ ಇರುತ್ತವೆ, ನಿಮಗೆ ಮೊದಲಿಗೆ ಸಣ್ಣದು ಸಾಕು. ಮಳೆಗಾಲದಲ್ಲೇ ಹೋಗಬೇಕಾದರೆ ದಕ್ಷಿಣ ಕೊಡಗಿನ ಬರಪೊಳೆ ನದಿ ಇದೆ, ಆದರೆ ಈಜು ಬಾರದವರಿಗೆ ಅದನ್ನು ನಾನು ಹೇಳುವುದಿಲ್ಲ.

ನೀರಿನಲ್ಲಿ ತೇಲಿಸುವ ಲೈಫ್ ಜಾಕೆಟ್ ತೊಟ್ಟ ಮೇಲೆ ಜೊತೆಯವರಿಗೆ ಅದರ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ, ಬೇರೆ ಕೇಳಿ ಪಡೆಯಿರಿ. ನೀರಿಗೆ ಬಿದ್ದರೆ ಅಂಗಾತ ಮಲಗಿ, ಪಾದ ಎರಡನ್ನೂ ನೀರು ಹರಿಯುವ ದಿಕ್ಕಿಗೆ ಮುಂದೆ ಮಾಡಿ, ಕಾಲಿನ ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ಇರಿಸಿಕೊಳ್ಳಿ. ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋಗಲೇಬೇಡಿ. ಕಾಲು ಬಂಡೆಗಳ ಸಂದಿಗೆ ಸಿಕ್ಕಿಕೊಂಡರೆ ಮೊಣಕಾಲುದ್ದದ ನೀರು ಕೂಡ ಆಳನ್ನು ಮಗುಚಿ ಮುಳುಗಿಸುತ್ತದೆ.

ನಿವೃತ್ತ ಶಿಕ್ಷಕಿ, 61 ವರ್ಷ. ದಿನವೂ ಐದು ಕಿಲೋಮೀಟರ್ ನಡೆಯುತ್ತೇನೆ. ಹಿಮಾಲಯದ ಚಾರಣ ಸಾಧ್ಯವೇ? (ಶಿರಸಿ)

ಖಂಡಿತ ಸಾಧ್ಯ, ಮೇಡಂ. ಮೊದಲು ಹೃದಯ ಮತ್ತು ರಕ್ತದೊತ್ತಡ ತೋರಿಸಿಕೊಳ್ಳಿ. ನಡಿಗೆಗೆ ವಾರದಲ್ಲಿ ಮೂರು ದಿನ ಮೆಟ್ಟಿಲು ಹತ್ತಿ ಇಳಿಯುವುದನ್ನು ಸೇರಿಸಿ, ಇಳಿಜಾರಿನಲ್ಲಿ ಕೈಕೊಡುವುದು ಮಂಡಿಗಳೇ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನಂಥ ಸಂಸ್ಥೆಗಳ ಚಾರಣದಲ್ಲಿ ಮೊದಲೇ ಕಟ್ಟಿದ ಶಿಬಿರ, ಅಡುಗೆಯವರು, ದಾರಿ ತೋರುವವರು ಇರುತ್ತಾರೆ. ಒಂದೇ ಊರಿನಲ್ಲಿ ನೆಲೆನಿಂತು ದಿನಕ್ಕೊಂದು ದಿಕ್ಕಿಗೆ ನಡೆದು ಬರುವ ಪ್ರವಾಸ ನಿಮಗೆ ಇನ್ನೂ ಹಿತ.

ಉತ್ತರಾಖಂಡದ ಕೇದಾರಕಂಠದ ತುದಿ ಸುಮಾರು 3,800 ಮೀಟರ್, ಚಾರಣ ಶುರುವಾಗುವ ಸಾಂಕ್ರಿ ಸುಮಾರು 1,900. ಈ ಏರಿಕೆಯನ್ನು ಅವಸರದಲ್ಲಿ ಮುಗಿಸುವ ಕಾರ್ಯಕ್ರಮ ಬೇಡ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು, ಎಷ್ಟೇ ಗಟ್ಟಿಗರಾದರೂ ಅದಕ್ಕೆ ವಿನಾಯಿತಿಯಿಲ್ಲ. ಲೆಕ್ಕಕ್ಕೆ ಬರುವುದು ಮಲಗುವ ಎತ್ತರ: 3,000 ಮೀಟರ್ ಮೇಲೆ ಒಂದು ರಾತ್ರಿಯಿಂದ ಮರುರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು. ತಲೆನೋವು, ವಾಕರಿಕೆ ಶುರುವಾದರೆ ಶಿಬಿರದ ಮುಖ್ಯಸ್ಥರಿಗೆ ಅಲ್ಲೇ ತಿಳಿಸಿ, ಮತ್ತೆ ಮೇಲಕ್ಕೆ ಹತ್ತಬೇಡಿ. ವಿಶ್ರಾಂತಿಯಿಂದಲೂ ಕಡಿಮೆಯಾಗದಿದ್ದರೆ, ನಡಿಗೆ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯದೆ ಜೊತೆಗಾರರೊಂದಿಗೆ ಕೆಳಗಿನ ಶಿಬಿರಕ್ಕೆ ಇಳಿದುಬಿಡಿ.