ಪಹಣಿಯಲ್ಲಿ ಇಳಿಜಾರಿಗೆ ಕಾಲಂ ಇಲ್ಲ

ಮಡಿಕೇರಿ ಹತ್ತಿರದ ಓದುಗರೊಬ್ಬರು ಸಿಟ್ಟಿನಲ್ಲೇ ಬರೆದಿದ್ದಾರೆ: "ಬೆಂಗಳೂರಿನವರಿಗೆ ರಾಜಕಾಲುವೆಯಿಂದ ಇಷ್ಟು ಮೀಟರ್ ಬಿಡಿ ಎಂದು ಲೆಕ್ಕ ಕೊಡುತ್ತೀರಿ. ನಮಗೆ ಮಾತ್ರ ಗುಡ್ಡ ಮುಟ್ಟಬೇಡಿ ಎಂಬ ಉಪದೇಶ. ಜಾಗ ನನ್ನದು, ಕಂದಾಯ ಕಟ್ಟುವವನು ನಾನು. ಕಾಫಿ ಕೈಕೊಟ್ಟಾಗ ಒಂದು ಹೋಂಸ್ಟೇ ಕಟ್ಟಿದರೆ ತಪ್ಪೇನು?"

ಕಟ್ಟುವುದು ತಪ್ಪಲ್ಲ ಸ್ವಾಮಿ. ಲೆಕ್ಕ ಕೇಳಿದ್ದಂತೂ ಸರಿಯೇ. ಆದರೆ ಬೆಂಗಳೂರಿನ ಲೆಕ್ಕ ನಿಮಗೆ ಬೇಡ. ಅಲ್ಲಿನ ಮಾಸ್ಟರ್ ಪ್ಲಾನ್ ಕಾಲುವೆಯ ದರ್ಜೆ ನೋಡಿ 50, 25, 15 ಮೀಟರ್ ಎಂದಿತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ ಹಳೆಯದನ್ನೇ ಉಳಿಸಿತು. ಇಷ್ಟೆಲ್ಲ ಜಗಳವೂ ಮಟ್ಟಸ ನೆಲದ ಮೀಟರಿಗೆ. ನಿಮ್ಮಲ್ಲಿ 15 ಮೀಟರ್ ಆಚೆಗಿನ ತೋಡು, ಅಂದರೆ ಸಣ್ಣ ಹಳ್ಳ, ಅಂಗಳದ ಪಕ್ಕದಲ್ಲಿರುವುದಿಲ್ಲ, ಕಾಲ ಕೆಳಗೆ ಇರುತ್ತದೆ.

ತೋಡಿನ ವಿಷಯ ಕಾನೂನಿನಲ್ಲಿ ಸ್ಪಷ್ಟವಿದೆ. 1964ರ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹೊಳೆ, ಹಳ್ಳಗಳ ಪಾತ್ರ ಸರ್ಕಾರದ್ದು. ಪಹಣಿಯಲ್ಲಿ ಅದು 'ಬಿ' ಖರಾಬು, ಅಂದರೆ ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ. ನಿಮ್ಮ ತೋಟದ ನಡುವೆ ಹರಿದರೂ ನಿಮ್ಮದಲ್ಲ. ಇಳಿಜಾರು? ಅದಕ್ಕೆ ಪಹಣಿಯಲ್ಲಿ ಕಾಲಮ್ಮೇ ಇಲ್ಲ. ಎಷ್ಟು ಎಕರೆ ಅಂತಿದೆ, ಎಷ್ಟು ಕಡಿದು ಅಂತಿಲ್ಲ. ಕಾಗದದಲ್ಲಿ ಕೊಡಗು ಕೂಡ ಮಂಡ್ಯದ ಗದ್ದೆಯ ಹಾಗೆ ಚಪ್ಪಟೆ!

ಕಳೆದ ಮಳೆಗಾಲಕ್ಕೆ ಮುಂಚೆ ನೆಂಟರ ತೋಟದ ಪಕ್ಕ ಒಂದು ಕೆಲಸ ನೋಡಿದೆ. ಜೆಸಿಬಿ ಗುಡ್ಡ ಕಡಿದು ಸಮತಟ್ಟು ಮಾಡುತ್ತಿತ್ತು. ಕಡಿದ ಕೆಂಪು ಮಣ್ಣನ್ನೆಲ್ಲ ಕೆಳಗಿನ ಅಂಚಿಗೆ ತಳ್ಳುತ್ತಿತ್ತು. ಅಂಗಳ ದೊಡ್ಡದಾಯಿತು ಅಂತ ಯಜಮಾನರಿಗೆ ಖುಷಿ. ಕೆಳಗೆ ತೋಡಿಗೆ ಒಂದು ಸಿಮೆಂಟ್ ಪೈಪ್ ಇಟ್ಟು, ಮೇಲೆ ಮಣ್ಣು ಸುರಿದು ದಾರಿ ಮಾಡಿದ್ದರು. ಹಾಗೆ ತಳ್ಳಿದ ಮಣ್ಣು ಹಳೇ ನೆಲಕ್ಕೆ ಅಂಟುವುದಿಲ್ಲ. ನೀರು ಎರಡರ ನಡುವೆ ಇಳಿಯುತ್ತದೆ, ಭಾರ ಜಾಸ್ತಿ ಆಗುತ್ತದೆ, ಜಾರುತ್ತದೆ. ಮೇಲೆ ಕಡಿದು ಗೋಡೆಯ ಹಾಗೆ ನಿಂತ ಬರೆಗೆ ಕೆಳಗಿನ ಆಸರೆ ಹೋಗಿರುತ್ತದೆ. 2018ರ ಆಗಸ್ಟಿನ ಭೂಕುಸಿತ ನಿಮಗೆ ನಾನು ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ ನಿಮ್ಮ ಪಕ್ಕದವೇ. ಮಳೆ ವಿಪರೀತ ಸುರಿದದ್ದು ನಿಜ. ಹಾಗಂತ ಮಳೆಯೊಂದನ್ನೇ ಬೈದರೆ ಆಗಲ್ಲ ಅಲ್ವಾ?

ಸರಿ, ನಿಮ್ಮ ಲೆಕ್ಕ. ಗುಡ್ಡಗಾಡಿನ ಕಟ್ಟಡಗಳ ಬಗ್ಗೆ ಭಾರತೀಯ ಮಾನಕ ಬ್ಯೂರೋದ ಮಾರ್ಗಸೂಚಿ ಇದೆ. 30 ಡಿಗ್ರಿಗಿಂತ ಕಡಿದಾದ ಕಡೆ ಸಾಮಾನ್ಯವಾಗಿ ಕಟ್ಟಬಾರದು ಎನ್ನುತ್ತದೆ. ಡಿಗ್ರಿಯನ್ನು ಶೇಕಡಾ ಅಂತ ಓದಬೇಡಿ, ಶೇ. 30 ಅಂದರೆ ಸುಮಾರು 17 ಡಿಗ್ರಿ ಅಷ್ಟೇ. ಮೇಸ್ತ್ರಿಯ ನೀರಿನ ಪೈಪ್ ಸಾಕು: ಹತ್ತು ಅಡಿ ಮಟ್ಟಸ ಹೋಗುವಷ್ಟರಲ್ಲಿ ನೆಲ ಆರು ಅಡಿಯ ಹತ್ತಿರ ಇಳಿದಿದ್ದರೆ ಅದು 30 ಡಿಗ್ರಿ. ಅಂಥ ಅಳತೆ ಪಂಚಾಯಿತಿ ಲೈಸೆನ್ಸಿನಲ್ಲೂ, ಭೂ ಪರಿವರ್ತನೆಯ ಆದೇಶದಲ್ಲೂ ಬರಲಿ ಎಂಬುದು ನನ್ನ ವಾದ. ಹೋಂಸ್ಟೇ ಬೇಡ ಎಂಬುದಲ್ಲ.

ನಿಮ್ಮ ಜಾಗದ ಇಳಿಜಾರು 30 ಡಿಗ್ರಿಗಿಂತ ಕಡಿಮೆ ಇದ್ದರೂ, ಜೆಸಿಬಿಯವನನ್ನು ಗಂಟೆಗೆಷ್ಟು ಅಂತ ಕೇಳುವಾಗ ಮಣ್ಣು ಎಲ್ಲಿ ಹಾಕ್ತೀಯಪ್ಪಾ ಅಂತಲೂ ಕೇಳಿ. "ಸುಮ್ನೆ ಕೆಳಗೆ ತಳ್ತೀನಿ ಸಾರ್" ಅಂದರೆ ವಾಪಸ್ ಕಳಿಸಿ.

-ಸಂಪಾದಕ